ಪಾಸ್‌ಪೋರ್ಟ್ ಬ್ರಿಟಿಷರದ್ದು, ಬ್ರಿಟನ್ನಿನಲ್ಲಿರೋಕೆ ವೀಸಾ ಬೇಕು: ಇದು ಯಾವ ಸೀಮೆ ಪೌರತ್ವ?

ರೀಡಿಂಗ್ ರಾಯ
ಎಲ್ಲರಿಗೂ ನಮಸ್ಕಾರ. ತಲೆಯಲ್ಲಿ ಒಂದು ಹುಳ ಬಿಟ್ಟುಕೊಂಡಿದ್ದೀನಿ, ಯಾರಾದ್ರೂ ತೆಗೆದುಕೊಡಿ.

ನಮ್ಮ ಆಫೀಸಿನಲ್ಲಿ ಹಾಂಗ್‌ಕಾಂಗಿನ ಒಬ್ಬಾಕೆ ಇದ್ದಾರೆ, 2022ರಲ್ಲಿ ಬಂದವರು. ಮೊನ್ನೆ ಊಟದ ಹೊತ್ತಿಗೆ ವೀಸಾ ಮಾತು ಬಂತು. (ವಲಸೆ ಬಂದವರು ನಾಲ್ಕು ಜನ ಒಂದು ಟೇಬಲ್ಲಿಗೆ ಕೂತರೆ ಇನ್ನೇನು ಮಾತು ಬರುತ್ತೆ.) ನಾನು ನನ್ನ ಗೋಳು ಹೇಳ್ತಾ ಇದ್ದೆ, ಆಕೆ "ನಂದೂ ಐದು ವರ್ಷದ ವೀಸಾನೇ" ಅಂದರು. ಬೆಪ್ಪಾದೆ. ಯಾಕಂದ್ರೆ ಟೀಮಿನವರೆಲ್ಲ ಪ್ರೇಗ್‌ಗೆ ಹೋದಾಗ ಆಕೆಯ ಪಾಸ್‌ಪೋರ್ಟ್ ನಾನೇ ಕೈಯಲ್ಲಿ ಹಿಡಿದು ನೋಡಿದ್ದೆ. ಸಿಂಹ, ಒಂಟಿಕೊಂಬಿನ ಕುದುರೆ, ಕಿರೀಟ ಎಲ್ಲಾ ಇದ್ದ ಬ್ರಿಟಿಷ್ ಪಾಸ್‌ಪೋರ್ಟ್. ಒಳಗೆ "ಬ್ರಿಟಿಷ್ ನ್ಯಾಷನಲ್ ಓವರ್‌ಸೀಸ್" ಅಂತ ಇದೆಯಂತೆ, ಬಿಎನ್ಓ ಅಂತಾರೆ.

ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡು ಬ್ರಿಟನ್ನಿನಲ್ಲಿ ಇರೋಕೆ ವೀಸಾ ತಗೋಬೇಕಾ? ಕೇಳಿದ್ದಕ್ಕೆ ಆಕೆ "1981ರದ್ದು ದೊಡ್ಡ ಕತೆ, ನಮ್ಮಪ್ಪನನ್ನು ಕೇಳಬೇಕು" ಅಂದು ನಕ್ಕು ಸುಮ್ಮನಾದರು. ಆ ಕತೆ ಇಲ್ಲಿ ಯಾರಿಗಾದ್ರೂ ಗೊತ್ತಾ?

ಒಗ್ಗರಣೆ
ರೇಷನ್ ಕಾರ್ಡ್ ಇದೆ, ಅಕ್ಕಿ ಇಲ್ಲ. ಅಷ್ಟೇ ಗುರು.

ಹಳೇ ಕಡತ
ಒಗ್ಗರಣೆಯವರು ಹೇಳಿದ್ದು ತಮಾಷೆಯಾದರೂ ಮುಕ್ಕಾಲು ಪಾಲು ಸರಿ.

ಕತೆ 1948ರಿಂದ ಶುರು ಮಾಡಬೇಕು. ಆ ವರ್ಷದ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆ "ಯುನೈಟೆಡ್ ಕಿಂಗ್‌ಡಮ್ ಮತ್ತು ವಸಾಹತುಗಳ ಪೌರ" ಅನ್ನೋ ಒಂದೇ ಪೌರತ್ವ ಮಾಡಿತು. ಲಂಡನ್ನಿನ ವಕೀಲನಿಗೂ ಹಾಂಗ್‌ಕಾಂಗಿನ ದೋಣಿಯವನಿಗೂ ಕಾಗದದ ಮೇಲೆ ಅದೇ ಹೆಸರು, ಅದೇ ಹಕ್ಕು. ಸ್ವತಂತ್ರ ಭಾರತದವರು ಕಾಮನ್‌ವೆಲ್ತ್ ಪೌರರು ಅನ್ನೋ ಲೆಕ್ಕದಲ್ಲಿ ಬರುತ್ತಿದ್ದರು, ನಮಗೂ ಆಗ ಬಾಗಿಲು ತೆರೆದೇ ಇತ್ತು.

1981ರಲ್ಲಿ ಥ್ಯಾಚರ್ ಸರ್ಕಾರ ಆ ಒಂದು ಹೆಸರನ್ನು ಮೂರಾಗಿ ಸೀಳಿತು. ಬ್ರಿಟನ್ನಿನವರು ಮತ್ತು ಅಲ್ಲಿಗೆ ರಕ್ತಸಂಬಂಧ ಇದ್ದವರು "ಬ್ರಿಟಿಷ್ ಪೌರರು". ಉಳಿದಿದ್ದ ವಸಾಹತುಗಳವರು "ಬ್ರಿಟಿಷ್ ಅಧೀನ ಪ್ರದೇಶಗಳ ಪೌರರು". ಎರಡಕ್ಕೂ ಸೇರದೆ ಮಲೇಷ್ಯಾ, ಪೂರ್ವ ಆಫ್ರಿಕಾ ಕಡೆ ಹಳೇ ಕಾಗದ ಹಿಡಿದುಕೊಂಡು ಉಳಿದವರು "ಬ್ರಿಟಿಷ್ ಸಾಗರೋತ್ತರ ಪೌರರು". ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಮೊದಲನೆಯವರಿಗೆ ಮಾತ್ರ. 1983ರ ಜನವರಿ 1ಕ್ಕೆ ಜಾರಿ. ನಿಮ್ಮ ಸಹೋದ್ಯೋಗಿಯ ಬಿಎನ್ಓ ಅನ್ನೋದು ಎರಡನೆಯದರ ಮರಿ.

ಮಂಡ್ಯ ಎಕ್ಸ್‌ಪ್ರೆಸ್
ಅಂದ್ರೆ ಥ್ಯಾಚರಮ್ಮ ಒಂದೇ ಏಟಿಗೆ ಅಷ್ಟೂ ಜನರನ್ನ ಆಚೆ ಹಾಕಿದ್ರು. 1980ರವರೆಗೂ ಹಾಂಗ್‌ಕಾಂಗ್‌ನವರು ಆರಾಮಾಗಿ ಬಂದು ಇರಬಹುದಿತ್ತು, ರಾತ್ರೋರಾತ್ರಿ ಬಾಗಿಲು ಬಂದ್.

ಲೆಸ್ಟರ್ ಅಕ್ಕ
ಮಂಡ್ಯದವರೇ, ಅಲ್ಲೇ ತಪ್ಪಿದ್ದೀರಿ. ಬಾಗಿಲು ಮುಚ್ಚಿದ್ದು 1962ರಲ್ಲಿ. ವಸಾಹತು ಸರ್ಕಾರ ಕೊಟ್ಟ ಪಾಸ್‌ಪೋರ್ಟ್ ಇದ್ದವರು ಆವತ್ತಿನಿಂದ ವೋಚರ್ (ಬರೋಕೆ ಅನುಮತಿ ಚೀಟಿ) ತೋರಿಸಿಯೇ ಬರಬೇಕಿತ್ತು. ಅಗುಳಿ ಹಾಕಿದ್ದು 1968ರಲ್ಲಿ, ಅದೂ ಲೇಬರ್ ಪಕ್ಷದವರು. ಜೇಮ್ಸ್ ಕ್ಯಾಲಹನ್ ಗೃಹಮಂತ್ರಿ. ಕೀನ್ಯಾದ ಭಾರತೀಯರು ಲಂಡನ್ ಸರ್ಕಾರವೇ ಕೊಟ್ಟ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತೋಕೆ ಶುರು ಮಾಡಿದಾಗ ಮೂರೇ ದಿನದಲ್ಲಿ ಕಾಯ್ದೆ ಪಾಸು ಮಾಡಿದರು. ಅಪ್ಪ, ಅಮ್ಮ, ತಾತ, ಅಜ್ಜಿ ಯಾರಾದರೂ ಒಬ್ಬರು ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಅಂತ ಷರತ್ತು. ನೈರೋಬಿಯ ಪಟೇಲರ ಅಜ್ಜಿ ಯಾರ್ಕ್‌ಷೈರಿನಲ್ಲಿ ಹುಟ್ಟಿರ್ತಾಳಾ? ಷರತ್ತಿನಲ್ಲಿ ಬಣ್ಣದ ಹೆಸರೇ ಎತ್ತಲಿಲ್ಲ, ಕೆಲಸ ಮಾತ್ರ ಅಚ್ಚುಕಟ್ಟಾಗಿ ಆಯ್ತು.

ನಮ್ಮ ಪಕ್ಕದ ಮನೆ ಬಾ (ಗುಜರಾತಿ ಅಜ್ಜಿ, ಕಂಪಾಲಾದಿಂದ ಬಂದವರು) ಈಗಲೂ ಇದನ್ನೆಲ್ಲ ನೆನೆಸಿಕೊಂಡು ಬೈತಾರೆ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ 90 ದಿನ ಗಡುವು ಕೊಟ್ಟು ಓಡಿಸಿದಾಗ, ನಮ್ಮ ಲೆಸ್ಟರ್ ನಗರಸಭೆ ಉಗಾಂಡಾ ಆರ್ಗಸ್ ಪತ್ರಿಕೆಯಲ್ಲಿ "ದಯವಿಟ್ಟು ಲೆಸ್ಟರಿಗೆ ಬರಬೇಡಿ" ಅನ್ನೋ ಅರ್ಥದ ಜಾಹೀರಾತು ಕೊಟ್ಟಿತ್ತು. ಬಾ ಹೇಳೋದು, ಆ ಜಾಹೀರಾತು ನೋಡೋವರೆಗೆ ಲೆಸ್ಟರ್ ಅಂತ ಊರಿದೆ ಅನ್ನೋದೇ ಅವರ ಮನೆಯವರಿಗೆ ಗೊತ್ತಿರಲಿಲ್ಲವಂತೆ!

ಒಗ್ಗರಣೆ
ಬರಬೇಡಿ ಅಂತ ಕಾಸು ಕೊಟ್ಟು ವಿಳಾಸ ತಿಳಿಸಿದ್ರು. ಈಗ ಅಲ್ಲಿ ದೀಪಾವಳಿಗೆ ಕಾಲಿಡೋಕೆ ಜಾಗ ಇರಲ್ಲ 😂

ಧಾರವಾಡ ಪೇಡೆ
ಅಕ್ಕಾರ, ಒಂದ್ ಮಾತು ತಿಳೀವಲ್ದು. 62ರಾಗ ಬಾಗಲಾ ಹಾಕ್ಯಾರ, 68ರಾಗ ಅಗಳಿ ಜಡದಾರ. ಅಂದಮ್ಯಾಗ 81ರಾಗ ಹಾಂಗ್‌ಕಾಂಗ್‌ನವರು ಅಷ್ಟ್ಯಾಕ ಬಡಕೊಂಡ್ರು? ಹೋಗೂದು ಮೊದ್ಲ ಹೋಗಿತ್ತಲ್ಲ?

ಹಳೇ ಕಡತ
ಪೇಡೆಯವರದ್ದು ಇಡೀ ಚರ್ಚೆಯ ಒಳ್ಳೇ ಪ್ರಶ್ನೆ.

ಕೂಡು ಕುಟುಂಬ ಅಂದುಕೊಳ್ಳಿ. ದೊಡ್ಡಣ್ಣ ಅಡುಗೆಮನೆಗೆ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾನೆ. ಊಟಕ್ಕೆ ಕರೆಯೋದಿಲ್ಲ. ಆದರೆ ಪಹಣಿಯಲ್ಲಿ ನಿಮ್ಮ ಹೆಸರೂ ಇದೆ. ಇವತ್ತಲ್ಲ ನಾಳೆ ಕೇಳಬಹುದು. 1962, 68, 71ರ ಕಾಯ್ದೆಗಳು ಬೀಗ. 1981ರದ್ದು ಪಹಣಿಯಿಂದಲೇ ಹೆಸರು ತೆಗೆದು "ಇವರು ದೂರದ ನೆಂಟರು" ಅಂತ ಬರೆದದ್ದು. ಅದಕ್ಕೇ ಬಡಿದುಕೊಂಡರು.

ಕಾಲವನ್ನೂ ನೋಡಿ. ಹಾಂಗ್‌ಕಾಂಗಿನ ನ್ಯೂ ಟೆರಿಟರೀಸ್ ಪ್ರದೇಶವನ್ನು ಬ್ರಿಟನ್ 1898ರಲ್ಲಿ 99 ವರ್ಷಕ್ಕೆ ಗೇಣಿಗೆ ತಗೊಂಡಿತ್ತು. 1979ರಲ್ಲಿ ಗವರ್ನರ್ ಮೆಕ್‌ಲಿಹೋಸ್ ಬೀಜಿಂಗಿಗೆ ಹೋಗಿ ಗೇಣಿ ಮುಗಿದ ಮೇಲೆ ಏನು ಅಂತ ಕೇಳಿದರು. ಹೂಡಿಕೆದಾರರು ನಿಶ್ಚಿಂತೆಯಿಂದ ಇರಲಿ ಅಂತ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಹೇಳಿ ಕಳಿಸಿದರು. ಹೂಡಿಕೆದಾರರಿಗೆ ಸಮಾಧಾನ ಸಿಕ್ಕಿತು, ಉಳಿದವರು? 1980ರ ಜುಲೈಯಲ್ಲಿ ಶ್ವೇತಪತ್ರ ಬಂತು, ಮುಂದಿನ ಜನವರಿಯಲ್ಲಿ ಮಸೂದೆ. ಮನೆ ಮಾರಾಟದ ಮಾತು ನಡೀತಿರುವಾಗ ಯಜಮಾನ ವಂಶವೃಕ್ಷ ತಿದ್ದೋಕೆ ಕೂತರೆ ಮಕ್ಕಳಿಗೆ ಅನುಮಾನ ಬರೋದಿಲ್ಲವೇ? ಅಲ್ಲಿನ ಶಾಸನಸಭೆಯ, ಕಾರ್ಯಕಾರಿ ಸಭೆಯ ಅನಧಿಕೃತ ಸದಸ್ಯರು (ಅಂದರೆ ಸರ್ಕಾರಿ ನೌಕರರಲ್ಲದವರು) ಲಂಡನ್ನಿನಲ್ಲಿ ಅಹವಾಲು ಹೇಳಿಕೊಂಡರು. "ಬ್ರಿಟಿಷ್" ಅನ್ನೋ ಹೆಸರನ್ನಾದರೂ ಗಟ್ಟಿಯಾಗಿ ಉಳಿಸಿ ಅನ್ನೋದು ಅವರ ಗೋಗರೆತ. ಹೆಸರಿಗಾಗಿ ಅಷ್ಟು ಹೋರಾಡಬೇಕಾಯ್ತು ಅಂದರೆ ಹಕ್ಕಿನ ಆಸೆ ಆಗಲೇ ಬಿಟ್ಟಿದ್ದರು ಅಂತಲೇ ಅರ್ಥ.

ಲೆಕ್ಕದ ಮೇಷ್ಟ್ರು
ಇಲ್ಲಿ ಎಲ್ಲರೂ ಒಂದೇ ಕಡೆ ವಾಲಿರೋದರಿಂದ ನಾನು ಇನ್ನೊಂದು ಕಡೆ ಕೂರ್ತೀನಿ. ಆಗ ಹಾಂಗ್‌ಕಾಂಗಿನ ಜನಸಂಖ್ಯೆ ಸುಮಾರು 50 ಲಕ್ಷ. ಅದರಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಬ್ರಿಟಿಷ್ ಕಾಗದ ಇದ್ದವರು. ಯಾವ ಸರ್ಕಾರ ಇಷ್ಟು ಜನಕ್ಕೆ "ನಾಳೆ ಬನ್ನಿ" ಅಂತ ಬರೆದುಕೊಡುತ್ತೆ? ನಾವು ಕೊಟ್ಟಿದ್ದೀವಾ? ಬೆಂಗಳೂರಿಗೆ ಹೊರಗಿನವರು ಬಂದರೆ ಇದೇ ವೇದಿಕೆಯಲ್ಲಿ ಮುನ್ನೂರು ಕಾಮೆಂಟು ಬೀಳುತ್ತೆ! ಸಾಮ್ರಾಜ್ಯ ಮುಗಿದ ಮೇಲೆ ಪ್ರತಿ ದೇಶವೂ ತನ್ನ ಪ್ರಜೆ ಯಾರು ಅಂತ ಗೆರೆ ಎಳೆಯಲೇಬೇಕು. ಮೂರು ಪೌರತ್ವವಲ್ಲದಿದ್ದರೂ ಎರಡು ಇರಲಿ ಅಂತ 1977ರಲ್ಲಿ ಗ್ರೀನ್ ಪೇಪರ್ (ಚರ್ಚೆಗೆ ಬಿಡೋ ಕರಡು) ತಂದದ್ದು ಲೇಬರ್ ಸರ್ಕಾರವೇ. ಇದರಲ್ಲಿ ವರ್ಣದ್ವೇಷ ಹುಡುಕೋದು ಫ್ಯಾಷನ್.

ಮಂಡ್ಯ ಎಕ್ಸ್‌ಪ್ರೆಸ್
ಮೇಷ್ಟ್ರೇ, 1978ರಲ್ಲಿ ಟೀವಿಯಲ್ಲಿ ಕೂತು "ಬೇರೆ ಸಂಸ್ಕೃತಿಯವರು ಬಂದು ಈ ದೇಶ ಮುಳುಗಿಸಿಬಿಡ್ತಾರೆ ಅಂತ ಜನಕ್ಕೆ ಭಯ" ಅನ್ನೋ ಅರ್ಥದಲ್ಲಿ ಮಾತಾಡಿದ್ದು ಯಾರು, ಥ್ಯಾಚರಮ್ಮ ಅಲ್ವಾ? ಅದೂ ಫ್ಯಾಷನ್ನಾ?

ಲೆಕ್ಕದ ಮೇಷ್ಟ್ರು
ರಾಜಕಾರಣಿ ಚುನಾವಣೆಗೆ ಮುಂಚೆ ಆಡಿದ ಮಾತು ಬೇರೆ, ಕಾಯ್ದೆಯ ಒಕ್ಕಣೆ ಬೇರೆ. ಒಕ್ಕಣೆಯಲ್ಲಿ ಬಣ್ಣ ಎಲ್ಲಿದೆ ತೋರಿಸಿ.

ಲೆಸ್ಟರ್ ಅಕ್ಕ
1968ರದ್ದರಲ್ಲೂ ಒಕ್ಕಣೆಯಲ್ಲಿ ಇರಲಿಲ್ಲ ಮೇಷ್ಟ್ರೇ. ಆದರೂ 1973ರಲ್ಲಿ ಯುರೋಪಿನ ಮಾನವ ಹಕ್ಕು ಆಯೋಗ, ಪೂರ್ವ ಆಫ್ರಿಕಾದ ಏಷ್ಯನ್ನರ ದೂರಿನಲ್ಲಿ, ಇದು ಜನಾಂಗದ ಆಧಾರದ ಭೇದ, ಮನುಷ್ಯರನ್ನು ಕೀಳಾಗಿ ನಡೆಸಿಕೊಂಡದ್ದು ಅಂತಲೇ ಹೇಳಿತು.

ಕುಡ್ಲದ ಬೊಂಡ
ಮೇಷ್ಟ್ರ ಲೆಕ್ಕ ಹಾಂಗ್‌ಕಾಂಗಿಗೆ ಸರಿ ಇರಬಹುದು ಮಾರಾಯ್ರೆ. ಸೇಂಟ್ ಹೆಲೆನಾ ದ್ವೀಪದ್ದು ಏನು ಹೇಳ್ತೀರಿ? ನೆಪೋಲಿಯನ್‌ನನ್ನು ಇಟ್ಟ ದ್ವೀಪ ಉಂಟಲ್ಲ, ಅಟ್ಲಾಂಟಿಕ್ ಸಮುದ್ರದ ನಟ್ಟನಡುವೆ. ನಾನು ಹಡಗಿನಲ್ಲಿ ಕೆಲಸ ಮಾಡುವಾಗ ಅಲ್ಲಿಯ ಇಬ್ಬರು ನಮ್ಮೊಟ್ಟಿಗೆ ಇದ್ದರು, ತಮ್ಮನ್ನು "ಸೇಂಟ್ಸ್" ಅಂತಲೇ ಕರ್ಕೊಳ್ಳುವುದು. ಇಡೀ ದ್ವೀಪದಲ್ಲಿ ಐದಾರು ಸಾವಿರ ಜನ. ನಮ್ಮ ಸುರತ್ಕಲ್ ಪೇಟೆಯಲ್ಲಿ ಸಂಜೆ ಹೊತ್ತು ಅದಕ್ಕಿಂತ ಜಾಸ್ತಿ ಜನ ಇರ್ತಾರೆ. ಇವರು ಬಂದರೆ ಲಂಡನ್ ಮುಳುಗ್ತಿತ್ತಾ?

ಅವರಿಗೆ ಬೇರೆ ಭಾಷೆ ಇಲ್ಲ, ಬೇರೆ ದೇಶ ಇಲ್ಲ. ಮಾತಾಡುವುದು ಇಂಗ್ಲಿಷ್, ಹೋಗುವುದು ಆಂಗ್ಲಿಕನ್ ಇಗರ್ಜಿಗೆ. 1673ರಲ್ಲಿ ಎರಡನೇ ಚಾರ್ಲ್ಸ್ ರಾಜ ಸನ್ನದು ಕೊಟ್ಟು, ದ್ವೀಪದವರೂ ಅವರ ಮಕ್ಕಳೂ ಇಂಗ್ಲೆಂಡಿನಲ್ಲೇ ಹುಟ್ಟಿದವರ ಹಾಗೆ ಅಂತ ಬರೆದುಕೊಟ್ಟಿದ್ದ. ಮುನ್ನೂರು ವರ್ಷ ಅದನ್ನೇ ನಂಬಿಕೊಂಡು ಕೂತವರಿಗೆ 1983ರಲ್ಲಿ "ನೀವು ಅಧೀನ ಪ್ರದೇಶದವರು" ಅಂತ ಕಾಗದ ಬಂತು. ನನ್ನೊಟ್ಟಿಗೆ ಇದ್ದವ ಹೇಳುವುದು, ಬಡತನಕ್ಕಿಂತ ಆ "ಅಧೀನ" ಶಬ್ದ ಜಾಸ್ತಿ ಚುಚ್ಚಿತು ಅಂತ.

ಎರಡನೇ ತಲೆಮಾರು
ಜಿಬ್ರಾಲ್ಟರಿನವರಿಗೆ (ಸ್ಪೇನಿನ ತುದಿಯಲ್ಲಿರೋ ಬ್ರಿಟಿಷ್ ಪ್ರದೇಶ) ಮಾತ್ರ ಪೂರ್ಣ ಪೌರತ್ವ ಸಿಕ್ಕಿತಲ್ಲ? ನಾನು ಶಾಲೆಯಲ್ಲಿ (ಇಲ್ಲೇ ಓದಿದ್ದು, ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ) ಒಂದು ಪ್ರಾಜೆಕ್ಟ್ ಮಾಡಿದ್ದೆ.

ಹಳೇ ಕಡತ
ನಿಮ್ಮ ಕನ್ನಡ ಚೆನ್ನಾಗಿಯೇ ಇದೆ ಮಗು.

ಹೌದು, ಜಿಬ್ರಾಲ್ಟರ್. ಜನಸಂಖ್ಯೆ 30,000ದ ಒಳಗೆ. 1967ರ ಜನಮತ ಸಂಗ್ರಹದಲ್ಲಿ ಬ್ರಿಟನ್ನಿನ ಜೊತೆ ಇರ್ತೀವಿ ಅಂದವರು 12,138, ಸ್ಪೇನಿಗೆ ಹೋಗ್ತೀವಿ ಅಂದವರು 44. ಆಮೇಲೆ 1969ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಗಡಿಯನ್ನೇ ಮುಚ್ಚಿಸಿದ. ಯುರೋಪಿನ ಸಮುದಾಯದ ಲೆಕ್ಕಕ್ಕೆ ಅವರು ಆಗಲೇ ಬ್ರಿಟನ್ನಿನವರೇ ಆಗಿದ್ದರು. ಈ ವಾದ ಹಿಡಿದು ಒತ್ತಿದಾಗ ಲಾರ್ಡ್ಸ್ ಸಭೆ (ಬ್ರಿಟನ್ನಿನ ಮೇಲ್ಮನೆ) ಸರ್ಕಾರವನ್ನೇ ಸೋಲಿಸಿ, ಅರ್ಜಿ ಹಾಕಿದ ಜಿಬ್ರಾಲ್ಟರಿನವರಿಗೆ ಬ್ರಿಟಿಷ್ ಪೌರತ್ವ ಕೊಡಲೇಬೇಕು ಅಂತ ತಿದ್ದುಪಡಿ ಸೇರಿಸಿತು. ದಕ್ಷಿಣ ಅಟ್ಲಾಂಟಿಕ್ಕಿನ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗೂ ಅದೇ ಕೇಳಿದರು, ಆಗಲಿಲ್ಲ.

1981ರ ಅಕ್ಟೋಬರ್ 30ಕ್ಕೆ ಮಸೂದೆಗೆ ರಾಣಿಯ ಅಂಕಿತ ಬಿತ್ತು. 1982ರ ಏಪ್ರಿಲ್ 2ಕ್ಕೆ ಅರ್ಜೆಂಟೀನಾ ಸೇನೆ ಫಾಕ್‌ಲ್ಯಾಂಡ್ಸಿಗೆ ಇಳಿಯಿತು. ಸುಮಾರು 1,800 ಜನರಿದ್ದ ದ್ವೀಪಗಳು. ಅವರಿಗಾಗಿ ಬ್ರಿಟನ್ ಅರ್ಧ ಭೂಗೋಳ ದಾಟಿ ನೌಕಾಪಡೆ ಕಳಿಸಿತು. ಜೂನ್ 14ಕ್ಕೆ ಯುದ್ಧ ಮುಗಿಯಿತು. ಆಗ ಯಾರಿಗೋ ಹೊಳೆಯಿತು: ಯಾರಿಗಾಗಿ ಪ್ರಾಣ ಕೊಟ್ಟೆವೋ ಅವರಲ್ಲಿ ಎಷ್ಟೋ ಜನಕ್ಕೆ ಹೊಸ ಕಾಯ್ದೆ ಪ್ರಕಾರ ಬ್ರಿಟನ್ನಿನಲ್ಲಿ ಕಾಲಿಡೋ ಹಕ್ಕಿಲ್ಲ! 1983ರಲ್ಲಿ ಅವರಿಗೇ ಅಂತ ಬೇರೆ ಕಾಯ್ದೆ ಮಾಡಿ, ಜನವರಿ 1ರಿಂದಲೇ ಅನ್ವಯ ಅಂತ ಹಿಂದಕ್ಕೆ ಎಳೆದು ಕೊಟ್ಟರು.

ಒಗ್ಗರಣೆ
ಅಂದ್ರೆ ಪೌರತ್ವ ಬೇಕಂದ್ರೆ ಅರ್ಜಿ ಸಾಲದು, ಅರ್ಜೆಂಟೀನಾ ಬೇಕು.

ಮಂಡ್ಯ ಎಕ್ಸ್‌ಪ್ರೆಸ್
ಜಿಬ್ರಾಲ್ಟರ್ ಯುರೋಪು. ಫಾಕ್‌ಲ್ಯಾಂಡ್ಸ್ ಬಿಳಿಯರು. ಸೇಂಟ್ ಹೆಲೆನಾ, ಹಾಂಗ್‌ಕಾಂಗ್ ಬಣ್ಣದವರು. ಮೇಷ್ಟ್ರೇ, ಒಕ್ಕಣೆ ಬೇಡ, ಫಲಿತಾಂಶ ನೋಡಿ.

ಲೆಕ್ಕದ ಮೇಷ್ಟ್ರು
ಸರಿ, ಸೇಂಟ್ ಹೆಲೆನಾ ವಿಷಯದಲ್ಲಿ ನನ್ನ ಲೆಕ್ಕ ನಿಲ್ಲೋದಿಲ್ಲ, ಒಪ್ಪಿದೆ. ಆದರೆ ಒಂದು ದ್ವೀಪಕ್ಕೆ ಕೊಟ್ಟರೆ ಹಾಂಗ್‌ಕಾಂಗಿಗೆ ಯಾಕಿಲ್ಲ ಅಂತ ಕೇಳ್ತಾರೆ ಅನ್ನೋ ಭಯ ಇದ್ದಿರಬೇಕು. ಹಾಂಗ್‌ಕಾಂಗ್ ಕೈಬಿಟ್ಟ ಮೇಲೆ ಏನಾಯ್ತು ನೋಡಿ. 1997ರಲ್ಲಿ ಹಸ್ತಾಂತರ, 1999ರಲ್ಲಿ ಹೊಸ ಶ್ವೇತಪತ್ರ, 2002ರ ಮೇ 21ರಿಂದ ಉಳಿದ ಪ್ರದೇಶಗಳ ಹೆಚ್ಚುಕಡಿಮೆ ಎಲ್ಲರಿಗೂ ಪೂರ್ಣ ಪೌರತ್ವ. ಎಲ್ಲಾ ಸೇರಿಸಿದರೂ ಸುಮಾರು 2 ಲಕ್ಷ ಜನ. ಅಂದರೆ ಸಂಖ್ಯೆಯೇ ಕಾರಣ ಅನ್ನೋ ನನ್ನ ಮಾತಿಗೆ ಇದೇ ಸಾಕ್ಷಿ.

ಕುಡ್ಲದ ಬೊಂಡ
ಸಾಕ್ಷಿಯೋ ತಪ್ಪೊಪ್ಪಿಗೆಯೋ ಮೇಷ್ಟ್ರೇ? 😀 ಆ ಮೇ 21 ಸುಮ್ಮನೆ ಇಟ್ಟ ದಿನ ಅಲ್ಲ. ಪೋರ್ಚುಗೀಸರು ಸೇಂಟ್ ಹೆಲೆನಾ ಕಂಡುಹಿಡಿದರು ಅನ್ನುವುದು 1502ರ ಮೇ 21ಕ್ಕೆ. ಸರಿಯಾಗಿ ಐನೂರು ವರ್ಷ. ದ್ವೀಪದವರು 1992ರಿಂದ ಬಿಷಪ್ಪರ ಸಮಿತಿ ಮಾಡಿಕೊಂಡು ಆ ಹಳೇ ಸನ್ನದು ಹಿಡಿದು ಜಗಳ ಆಡಿದರು. ಹತ್ತು ವರ್ಷ.

ಧಾರವಾಡ ಪೇಡೆ
ಪೋರ್ಚುಗೀಸರ ಮಾತು ಬಂತು ಅಂತ ಹೇಳ್ತೇನ್ರಿ. ಹಾಂಗ್‌ಕಾಂಗ್ ಬಾಜೂಕ ಮಕಾವು ಐತಲ್ಲ, ಅದು ಪೋರ್ಚುಗೀಸರದ್ದಿತ್ತು. ಅವ್ರು ಅಲ್ಲಿ ಹುಟ್ಟಿದವ್ರಿಗೆ ಪೂರಾ ಪೌರತ್ವ ಕೊಟ್ರು, ನಮ್ಮ ಗೋವಾದವ್ರಿಗೆ ಕೊಟ್ಟಂಗ. ಹಿಂಗಾಗಿ ಬ್ರೆಕ್ಸಿಟ್ ಆಗೂತನಕ ಮಕಾವು ಚೀನೀ ಮನಷ್ಯಾ ಪೋರ್ಚುಗಲ್ ಪಾಸ್‌ಪೋರ್ಟ್ ಹಿಡಕೊಂಡು ಸೀದಾ ಲಂಡನ್ನಿಗೆ ಬಂದು ಇರಬಹುದಿತ್ತು. ಹಾಂಗ್‌ಕಾಂಗ್‌ದಾಂವ ರಾಣಿ ಪಾಸ್‌ಪೋರ್ಟ್ ಹಿಡಕೊಂಡು ಬರಂಗಿಲ್ಲ. ಇದಕ್ಕ ಏನಂತೀರಿ?

ರೀಡಿಂಗ್ ರಾಯ
ಅಬ್ಬಾ. ಸ್ವಿಂಡನ್‌ನಲ್ಲಿ ಅಷ್ಟೊಂದು ಗೋವಾದವರು ಯಾಕಿದ್ದಾರೆ ಅಂತ ಇವತ್ತು ಅರ್ಥ ಆಯ್ತು.

ಎರಡನೇ ತಲೆಮಾರು
ಈ ಕಾಯ್ದೆ ನಮ್ಮ ಮನೇಲೂ ಗಲಾಟೆ ಮಾಡಿದೆ. ನಮ್ಮ ದೊಡ್ಡಪ್ಪ ಡಾಕ್ಟರು, 1971ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದರು. ಅಣ್ಣ 1979ರಲ್ಲಿ ಇಲ್ಲೇ ಹುಟ್ಟಿದ್ದು, ಹುಟ್ಟುತ್ತಲೇ ಪೌರ. 1983ರಿಂದ ಆ ನಿಯಮ ಹೋಯ್ತು. ಇಲ್ಲಿ ಹುಟ್ಟಿದರೆ ಸಾಲದು, ಅಪ್ಪ ಅಮ್ಮ ಒಬ್ಬರಾದರೂ ಪೌರರೋ ಕಾಯಂ ನೆಲೆಸಿದವರೋ ಆಗಿರಬೇಕು. ನನಗೆ ಆ ತೊಂದರೆ ಆಗಲಿಲ್ಲ, ನಾನು ಹುಟ್ಟೋ ಹೊತ್ತಿಗೆ ಅಪ್ಪನಿಗೆ ಐಎಲ್‌ಆರ್ (ಕಾಯಂ ನೆಲೆಸೋ ಅನುಮತಿ) ಬಂದಿತ್ತು.

ದೊಡ್ಡಪ್ಪನದ್ದು ಇನ್ನೊಂದು ಕತೆ. 1973ಕ್ಕೆ ಮುಂಚೆ ಬಂದು ನೆಲೆಸಿದ ಕಾಮನ್‌ವೆಲ್ತ್‌ನವರು ಹೆಸರು ನೋಂದಾಯಿಸಿದರೆ ಸಾಕು, ಪೌರತ್ವ ಕೊಡಲೇಬೇಕು ಅಂತ ಇತ್ತಂತೆ. 1981ರ ಕಾಯ್ದೆ ಅದಕ್ಕೆ ಗಡುವು ಹಾಕಿತು: 1987ರ ಡಿಸೆಂಬರ್ 31. ದೊಡ್ಡಪ್ಪ "ನಾಲ್ಕು ವರ್ಷದಲ್ಲಿ ಊರಿಗೆ ಹೋಗೋದೇ, ಯಾಕೆ ಬೇಕು" ಅಂತ ಬಿಟ್ಟರು. ಊರಿಗೆ ಹೋಗಲಿಲ್ಲ. ಆಮೇಲೆ ಅರ್ಜಿ ಹಾಕಿ, ಕಾದು, ದುಡ್ಡು ಕಟ್ಟಿ ತಗೊಂಡರು. ದೊಡ್ಡಮ್ಮ ಇವತ್ತಿಗೂ "ಹಕ್ಕಾಗಿ ಬರ್ತಿದ್ದನ್ನ ಭಿಕ್ಷೆಯಾಗಿ ತಗೊಂಡ್ರಿ" ಅಂತ ಚುಚ್ತಾರೆ.

ಹಳೇ ಕಡತ
ನಿಮ್ಮ ದೊಡ್ಡಮ್ಮ ಇಡೀ ಕಾಯ್ದೆಯನ್ನು ಒಂದು ಸಾಲಿಗೆ ಇಳಿಸಿದ್ದಾರೆ. ಅದೇ ತಲೆಮಾರಿನ ಕೆರಿಬಿಯನ್ ಜನ ಎಷ್ಟೋ ಮಂದಿ ಕಾಗದದ ಗೋಜಿಗೇ ಹೋಗಲಿಲ್ಲ, ನಾವು ಬ್ರಿಟಿಷರೇ ಅಂತ ನಂಬಿದ್ದರು. 2018ರಲ್ಲಿ ಬಯಲಾದ ವಿಂಡ್‌ರಷ್ ಹಗರಣದಲ್ಲಿ ಕೆಲಸ ಕಳಕೊಂಡವರು, ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗದೆ ಹಿಂದಿರುಗಿದವರು, ಗಡೀಪಾರಾದವರು ಅವರೇ.

ಈ ಕಾಯ್ದೆಗೆ ಒಂದು ಒಳ್ಳೇ ಮುಖವೂ ಇದೆ, ಹೇಳದಿದ್ದರೆ ಮೇಷ್ಟ್ರು ಬೇಜಾರಾಗ್ತಾರೆ. ಅದಕ್ಕೂ ಮುಂಚೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯಿಂದ ಪೌರತ್ವ ಬರ್ತಿರಲಿಲ್ಲ, ಅಪ್ಪನಿಂದ ಮಾತ್ರ. 1983ರಿಂದ ತಾಯಿಗೂ ಆ ಹಕ್ಕು ಬಂತು.

ಲೆಕ್ಕದ ಮೇಷ್ಟ್ರು
ಧನ್ಯವಾದ. ಇಪ್ಪತ್ತು ಪೋಸ್ಟ್ ಆದ ಮೇಲೆ ಒಂದು ಒಳ್ಳೇ ಮಾತು.

ಲೆಸ್ಟರ್ ಅಕ್ಕ
ತಾಯಂದಿರಿಗೆ ಕೊಟ್ಟ ಅದೇ ಕೈ, ಪೂರ್ವ ಆಫ್ರಿಕಾದವರಿಗೆ ಇಟ್ಟಿದ್ದ ವಿಶೇಷ ವೋಚರ್ ಮಾತ್ರ "ಕುಟುಂಬದ ಯಜಮಾನ"ನಿಗೇ ಅಂತ ಹಿಡಿದಿಟ್ಟಿತ್ತು. ಮದುವೆಯಾದ ಹೆಣ್ಣು ಯಜಮಾನಿ ಅಲ್ಲ. ಪಾಸ್‌ಪೋರ್ಟ್ ಅವಳ ಹೆಸರಿನಲ್ಲಿ ಇದ್ದರೂ ಇಲ್ಲ. ಇಂಡಿಯಾಗೆ ಬಂದು ವರ್ಷಗಟ್ಟಲೆ ಆ ವೋಚರಿಗೆ ಕಾದವರಿದ್ದಾರೆ. ಬಾ ಅವರ ನಾದಿನಿ ಬರೋಡಾದಲ್ಲಿ ಕಾದೂ ಕಾದೂ ಅಲ್ಲೇ ತೀರಿಕೊಂಡರು.

ಹರಿಹರದವನು
ತಡವಾಗಿ ಬಂದೆ. ಎಲ್ಲರೂ ಹಾಂಗ್‌ಕಾಂಗ್, ಜಿಬ್ರಾಲ್ಟರ್ ಅಂತಿದ್ದೀರಿ. ಈ ಥರ ದರ್ಜೆ ಮಾಡಿ ಇಡೋದು ಅವರಿಗೆ ಹೊಸದಲ್ಲ ಸ್ವಾಮಿ. ನಮ್ಮಲ್ಲೇ ಇತ್ತು. 1947ಕ್ಕೆ ಮುಂಚೆ ಧಾರವಾಡ, ಬಳ್ಳಾರಿ, ಮಂಗಳೂರು, ಕೊಡಗಿನವರು ಬ್ರಿಟಿಷ್ ಪ್ರಜೆಗಳು. ಮೈಸೂರು ಸಂಸ್ಥಾನದವರು, ನಿಜಾಮರ ಕೈಯಲ್ಲಿದ್ದ ರಾಯಚೂರು, ಕಲಬುರ್ಗಿ, ಬೀದರಿನವರು ಪ್ರಜೆಗಳಲ್ಲ, "ಬ್ರಿಟಿಷ್ ರಕ್ಷಿತ ವ್ಯಕ್ತಿಗಳು". ನಮ್ಮೂರಿನ ತುಂಗಭದ್ರೆ ನೆನೆಸಿಕೊಳ್ಳಿ. ಈ ದಡ ಹರಿಹರ, ಮೈಸೂರು ಸೀಮೆ. ಸೇತುವೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಮುಂಬಯಿ ಪ್ರಾಂತ. ಈಚೆ ದಡದಲ್ಲಿ ಬಟ್ಟೆ ಒಗೆಯೋಳು ರಕ್ಷಿತೆ, ಆಚೆ ದಡದೋಳು ಪ್ರಜೆ. ಸೋಪು ಒಂದೇ.

ನಮ್ಮಜ್ಜಿಯ ತವರು ಆಚೆ. ಅಜ್ಜನಿಗೆ ಸಿಟ್ಟು ಬಂದಾಗಲೆಲ್ಲ ಅಜ್ಜಿ "ನಾವು ಬ್ರಿಟಿಷರ ಕಡೆಯೋರು" ಅಂತ ಗದರಿಸ್ತಿದ್ದಳಂತೆ!

ಧಾರವಾಡ ಪೇಡೆ
ಅಂದ್ರ ನಾವು ಪ್ರಜೆಗಳು, ನೀವು ಬರೇ ರಕ್ಷಿತರು. ಇದನ್ನ ಮೊದ್ಲ ಹೇಳಬಾರದೇನ್ರಿ, ಕಾಲೇಜಿನ್ಯಾಗ ಮೈಸೂರಿನವ್ರ ಮುಂದ ಎಷ್ಟ್ ಜಂಬ ಕೊಚ್ಕೊಬೋದಿತ್ತು.

ಮಂಡ್ಯ ಎಕ್ಸ್‌ಪ್ರೆಸ್
ನಮಗೆ ಮಹಾರಾಜರು ಇದ್ರು, ಕನ್ನಂಬಾಡಿ ಇತ್ತು. ಪ್ರಜೆ ಆಗಿ ನಿಮಗೆ ಸಿಕ್ಕಿದ್ದೇನು, ಮುಂಬಯಿಗೆ ಕಂದಾಯ ಕಟ್ಟಿದ್ದು.

ಕುಡ್ಲದ ಬೊಂಡ
ನಾವು ಮದ್ರಾಸಿಗೆ ಕಟ್ಟಿದ್ದು. ಈ ಜಗಳ ಬೇರೆ ಕಡೆ ಆಡುವ.

ರೀಡಿಂಗ್ ರಾಯ
ದಯವಿಟ್ಟು ಹಾಂಗ್‌ಕಾಂಗಿಗೆ ವಾಪಸ್ ಬನ್ನಿ 🙏 ಅಧೀನ ಪ್ರದೇಶದವರು ಬಿಎನ್ಓ ಆಗಿದ್ದು ಹೇಗೆ?

ಹಳೇ ಕಡತ
1984ರ ಡಿಸೆಂಬರಿನಲ್ಲಿ ಚೀನಾ ಜೊತೆ ಒಪ್ಪಂದ ಆಯ್ತು. ಹಾಂಗ್‌ಕಾಂಗ್ ವಾಪಸ್ ಹೋದ ಮೇಲೆ "ಅಧೀನ ಪ್ರದೇಶದ ಪೌರ" ಅನ್ನೋ ಮಾತಿಗೆ ಅರ್ಥವಿರೋದಿಲ್ಲ. ಅದಕ್ಕೆ 1985ರ ಕಾಯ್ದೆಯಲ್ಲಿ ಹೊಸ ಹೆಸರು ಹುಟ್ಟಿಸಿ 1987ರಿಂದ ಕೊಡೋಕೆ ಶುರು ಮಾಡಿದರು. ಅರ್ಜಿ ಹಾಕಿದವರಿಗೆ ಮಾತ್ರ, ಮಕ್ಕಳಿಗೆ ದಾಟೋದಿಲ್ಲ, ನೆಲೆಸುವ ಹಕ್ಕಿಲ್ಲ. 1989ರ ಜೂನ್‌ನಲ್ಲಿ ಬೀಜಿಂಗಿನಲ್ಲಿ ತಿಯಾನನ್‌ಮೆನ್ ಹತ್ಯಾಕಾಂಡ ನಡೆದು ಹಾಂಗ್‌ಕಾಂಗಿನವರು ನಡುಗಿಹೋದಾಗ 1990ರ ಕಾಯ್ದೆ ಬಂತು. 50,000 ಕುಟುಂಬಗಳ ಯಜಮಾನರಿಗೆ, ಅವರ ಹೆಂಡತಿ ಮಕ್ಕಳಿಗೆ ಪೂರ್ಣ ಪೌರತ್ವ. ಯಾರಿಗೆ ಅಂದರೆ ಅಧಿಕಾರಿಗಳು, ವೃತ್ತಿಪರರು, ಅಂಕ ಹಾಕಿ ಆರಿಸಿದವರು. ಉದ್ದೇಶ ಅವರು ಬರಲಿ ಅಂತಲ್ಲ, ಜೇಬಿನಲ್ಲಿ ಪಾಸ್‌ಪೋರ್ಟ್ ಇದ್ದರೆ ಧೈರ್ಯವಾಗಿ ಅಲ್ಲೇ ಇರ್ತಾರೆ ಅಂತ!

ಒಗ್ಗರಣೆ
ಹೋಗಬಹುದು ಅಂತ ಕೊಟ್ರೆ ಹೋಗಲ್ಲ. ಹೆಂಡತಿ ತವರಿಗೆ ಹೋಗೋ ವಿಷಯದಲ್ಲಿ ನಾನೂ ಇದನ್ನೇ ಪಾಲಿಸ್ತೀನಿ.

ಮಂಡ್ಯ ಎಕ್ಸ್‌ಪ್ರೆಸ್
ಆ 1990ರ ಮಸೂದೆಗೆ ಥ್ಯಾಚರಮ್ಮನ ಸ್ವಂತ ಪಕ್ಷದಲ್ಲೇ ಬಂಡಾಯ ಎದ್ದಿದ್ದು ನಾರ್ಮನ್ ಟೆಬಿಟ್. "ಕ್ರಿಕೆಟ್ ಪರೀಕ್ಷೆ" ಮಾತು ಆಡಿದ್ದೂ ಅದೇ ವರ್ಷ ಏಪ್ರಿಲ್‌ನಲ್ಲಿ. ವಲಸಿಗರು ಮ್ಯಾಚಿನಲ್ಲಿ ಯಾರ ಕಡೆ ಕೂಗ್ತಾರೆ ನೋಡಿ ಅಂತ. ನಾನು ಓವಲ್‌ನಲ್ಲಿ ಕೂತು ರಾಹುಲ್‌ಗೆ ಕೂಗಿ ಗಂಟಲು ಕಟ್ಟಿಸಿಕೊಂಡವನು. ಪಕ್ಕಾ ಫೇಲು.

ಎರಡನೇ ತಲೆಮಾರು
ನಾನು ಇಂಗ್ಲೆಂಡ್ ಕಡೆ. ಅಪ್ಪ ಮಾತು ಬಿಡ್ತಾರೆ.

ಲೆಸ್ಟರ್ ಅಕ್ಕ
ಹಾಂಗ್‌ಕಾಂಗಿನ ಭಾರತೀಯರನ್ನು ಯಾರೂ ನೆನೆಸಲಿಲ್ಲ. ಅಲ್ಲಿನ ಸ್ಟಾರ್ ಫೆರ್ರಿ ದೋಣಿ ಕಂಪನಿ ಶುರು ಮಾಡಿದ್ದು ದೊರಾಬ್ಜಿ ನವರೋಜಿ ಮಿಠಾಯಿವಾಲಾ ಅನ್ನೋ ಪಾರ್ಸಿ. ವಿಶ್ವವಿದ್ಯಾಲಯಕ್ಕೆ ದುಡ್ಡು ಕೊಟ್ಟವರು ಹೊರ್ಮುಸ್ಜಿ ಮೋಡಿ, ಅವರೂ ಪಾರ್ಸಿ. ಸಿಖ್ ಪೊಲೀಸರು, ಸಿಂಧಿ ವ್ಯಾಪಾರಿಗಳು. 1997 ಹತ್ತಿರ ಬಂದಾಗ ಇವರ ಗತಿ ಎಲ್ಲರಿಗಿಂತ ಕಡೆ. ಚೀನೀ ಮೂಲದವರನ್ನು ಚೀನಾ ತನ್ನವರು ಅಂತು. ಇವರನ್ನು ಅನ್ನಲಿಲ್ಲ. ಬಿಎನ್ಓ ಕಾಗದ ಮಕ್ಕಳಿಗೆ ದಾಟೋದಿಲ್ಲ. ಮೊಮ್ಮಕ್ಕಳ ಹೊತ್ತಿಗೆ ಯಾವ ದೇಶವೂ ಇಲ್ಲ. ವರ್ಷಗಟ್ಟಲೆ ಅಂಗಲಾಚಿದ ಮೇಲೆ, ಹಸ್ತಾಂತರಕ್ಕೆ ಕೆಲವೇ ತಿಂಗಳಿರುವಾಗ, 1997ರ ಮಾರ್ಚ್‌ನಲ್ಲಿ ಇವರಿಗಾಗಿ ಬೇರೆ ಕಾಯ್ದೆ ಆಯ್ತು, ಪೂರ್ಣ ಪೌರತ್ವ ಸಿಕ್ಕಿತು.

ಲೆಕ್ಕದ ಮೇಷ್ಟ್ರು
ನೋಡಿ, ಇಲ್ಲಿ ಬಣ್ಣದವರಿಗೇ ಸಿಕ್ಕಿತು.

ಮಂಡ್ಯ ಎಕ್ಸ್‌ಪ್ರೆಸ್
ಸಂಖ್ಯೆ ಕಮ್ಮಿ ಇತ್ತು ಅಂತ ನೀವೇ ಹೇಳ್ತೀರಿ ಈಗ.

ಲೆಕ್ಕದ ಮೇಷ್ಟ್ರು
ಹೇಳ್ತೀನಿ. ಮೊದಲಿಂದ ಅದನ್ನೇ ಹೇಳ್ತಾ ಇರೋದು.

ರೀಡಿಂಗ್ ರಾಯ
ಈ ಚರ್ಚೆಯನ್ನು ಇವತ್ತು ನನ್ನ ಸಹೋದ್ಯೋಗಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ತುಂಗಭದ್ರೆಯ ಕತೆಗೆ ಬಿದ್ದು ಬಿದ್ದು ನಕ್ಕರು. ಆಮೇಲೆ ಅವರಪ್ಪನಿಗೆ ಫೋನ್ ಹಚ್ಚಿ ಕೇಳಿ ಬಂದು ಹೇಳಿದರು.

ಅಪ್ಪ ಹುಟ್ಟಿದ್ದು ಗುವಾಂಗ್‌ಡಾಂಗ್‌ನಲ್ಲಿ, ಚಿಕ್ಕವರಿದ್ದಾಗ ಗಡಿ ದಾಟಿ ಹಾಂಗ್‌ಕಾಂಗಿಗೆ ಬಂದವರು. ಅಲ್ಲಿ ಹುಟ್ಟದ ಕಾರಣ ಬಿಎನ್ಓ ಬೇಕಾದರೆ ಮೊದಲು ಅಧೀನ ಪ್ರದೇಶದ ಪೌರತ್ವಕ್ಕೆ ಅರ್ಜಿ ಹಾಕಬೇಕಿತ್ತು. ಕಡೇ ದಿನ 1996ರ ಮಾರ್ಚ್ 31. ಪೂರ್ಣ ಪೌರತ್ವ ಅಲ್ಲ, ಗಮನಿಸಿ. ಇನ್ನು ಹದಿನೈದು ತಿಂಗಳಲ್ಲಿ ಮುಗಿದುಹೋಗೋ ಪೌರತ್ವ. ಅದಕ್ಕೇ ವಾನ್‌ಚಾಯ್‌ನಲ್ಲಿ ಸಾವಿರಾರು ಜನ ರಾತ್ರಿಯೆಲ್ಲ ಸಾಲು ನಿಂತಿದ್ದರಂತೆ. ಇವರಪ್ಪ ಮಡಚೋ ಕುರ್ಚಿ, ಫ್ಲಾಸ್ಕ್ ಎಲ್ಲಾ ತಗೊಂಡು ಹೋಗಿದ್ದರು. ಇವರ ಬಿಎನ್ಓ ಕಾಗದವೂ ಆಗಲೇ ಆಯ್ತು, 1989ರಲ್ಲಿ ಅಲ್ಲೇ ಹುಟ್ಟಿದ್ದರಿಂದ. ತಮ್ಮ ಹುಟ್ಟಿದ್ದು 1998. ಅವನಿಗೆ ಇಲ್ಲ. ಒಂದೇ ಮನೆ, ಅಕ್ಕ ಬ್ರಿಟಿಷ್ ನ್ಯಾಷನಲ್, ತಮ್ಮ ಅಲ್ಲ.

ಹಳೇ ಕಡತ
2021ರ ಜನವರಿ 31ಕ್ಕೆ ಬಿಎನ್ಓ ವೀಸಾ (ಬಿಎನ್ಓ ಇದ್ದವರು ಬ್ರಿಟನ್ನಿಗೆ ಬಂದು ಇರೋಕೆ ಕೊಡೋದು) ಶುರುವಾದಾಗ 1997ರ ಜುಲೈ 1ರಿಂದ ಈಚೆಗೆ ಹುಟ್ಟಿ ದೊಡ್ಡವರಾದವರು ನಡುವೆ ಸಿಕ್ಕಿಕೊಂಡಿದ್ದರು. 2022ರ ನವೆಂಬರಿನಿಂದ ಅಪ್ಪನೋ ಅಮ್ಮನೋ ಬಿಎನ್ಓ ಇದ್ದರೆ ಅವರೂ ಸ್ವಂತವಾಗಿ ಅರ್ಜಿ ಹಾಕಬಹುದು. ಆಕೆಗೆ ತಿಳಿಸಿ.

ರೀಡಿಂಗ್ ರಾಯ
ಅದು ಅವರಿಗೆ ಗೊತ್ತಿದೆ ಸಾರ್. ತಮ್ಮನಿಗೆ ಬರೋ ಮನಸ್ಸಿಲ್ಲವಂತೆ, ಅಪ್ಪನ ಜೊತೆ ಅಲ್ಲೇ ಇದ್ದಾನೆ.

ಧಾರವಾಡ ಪೇಡೆ
ಅಪ್ಪಾರು ಅಷ್ಟ್ ರಾತ್ರಿ ನಿಂತು ತಗೊಂಡ ಆ ಪಾಸ್‌ಪೋರ್ಟ್ ಏನ್ ಉಪಯೋಗ ಆತ್ರಿ?

ರೀಡಿಂಗ್ ರಾಯ
ನಾನೂ ಕೇಳಿದೆ. ಒಂದೇ ಸಲ ಬಳಸಿದ್ದಾರಂತೆ, 2004ರಲ್ಲಿ ಬ್ಯಾಂಕಾಕಿಗೆ ಟೂರ್ ಹೋದಾಗ. ಈಗ ಬಿಸ್ಕತ್ ಡಬ್ಬಿಯಲ್ಲಿದೆ, ಮನೆ ಪತ್ರದ ಜೊತೆ.

ಒಗ್ಗರಣೆ
ನಮ್ಮಪ್ಪನ ಇಂದಿರಾ ವಿಕಾಸ ಪತ್ರವೂ ಬಿಸ್ಕತ್ ಡಬ್ಬಿಯಲ್ಲೇ ಇತ್ತು.